ಆಲೂಗಡ್ಡೆಯ ಉಸಿರಾಟ: ಕಮಲಾ ಸೊಹೋನಿ ಅವರ ಬದುಕನ್ನು ಹತ್ತನೇ ತರಗತಿಗೆ ಹೇಳಿದಾಗ

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ಉಸಿರಾಟದ ಭಾಗವನ್ನು ನಾನು ಬೋಧಿಸಬೇಕಿತ್ತು. ಮೊದಲ ದಿನ ಚಾರ್ಟ್ ಚೆನ್ನಾಗಿಯೇ ಸಿದ್ಧವಾಗಿತ್ತು. ಗ್ಲೂಕೋಸ್ ಒಡೆದು ಪೈರುವೇಟ್ ಆಗುವುದು, ಅಲ್ಲಿಂದ ದಾರಿ ಮೂರಾಗಿ ಕವಲೊಡೆಯುವುದು ಎಲ್ಲವನ್ನೂ ಮೂರು ಬಣ್ಣದಲ್ಲಿ ಬರೆದಿದ್ದೆ. ಆಮ್ಲಜನಕ ಇಲ್ಲದಾಗ ಯೀಸ್ಟ್‌ನಲ್ಲಿ ಮದ್ಯಸಾರ, ಆಮ್ಲಜನಕದ ಕೊರತೆಯಾದಾಗ ನಮ್ಮ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ, ಆಮ್ಲಜನಕ ಇದ್ದಾಗ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಹೆಚ್ಚು ಶಕ್ತಿ. ಮಕ್ಕಳು ಬರೆದುಕೊಂಡರು. ಗಂಟೆ ಹೊಡೆಯಲು ಐದು ನಿಮಿಷ ಇರುವಾಗ, ಸಾರಾಂಶ ಹೇಳುವ ಆತುರದಲ್ಲಿ, ಗಿಡಗಳು ಹಗಲಲ್ಲಿ ದ್ಯುತಿಸಂಶ್ಲೇಷಣೆ ನಡೆಸುತ್ತವೆ, ರಾತ್ರಿ ಉಸಿರಾಡುತ್ತವೆ ಎಂದುಬಿಟ್ಟೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಬೇರು ಹಗಲಲ್ಲೂ ಮಣ್ಣಿನೊಳಗೆ ಕತ್ತಲಲ್ಲೇ ಇರುತ್ತದಲ್ಲ, ಹಾಗಾದರೆ ಅದು ಹಗಲಲ್ಲಿ ಏನು ಮಾಡುತ್ತದೆ ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಕೂತುಕೋ ಎಂದೆ. ಅವಳು ಕೂತಳು. ಆಮೇಲೆ ನಾಲ್ಕು ದಿನ ನನ್ನ ಯಾವ ಪ್ರಶ್ನೆಗೂ ಅವಳು ಕೈ ಎತ್ತಲಿಲ್ಲ.

ಅಂದು ಪಾಠ ವೀಕ್ಷಿಸಿದ ಮಾರ್ಗದರ್ಶಿ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಎರಡು ಸಾಲು ಬರೆದಿದ್ದರು. ಮೊದಲನೆಯದು, ನಾನು ಹೇಳಿದ್ದು ತಪ್ಪು ಪರಿಕಲ್ಪನೆ ಎಂದು. ಗಿಡದ ಪ್ರತಿ ಜೀವಂತ ಕೋಶವೂ ಹಗಲು ರಾತ್ರಿ ಉಸಿರಾಡುತ್ತದೆ. ಹಗಲಲ್ಲಿ ಎಲೆಯೊಳಗೆ ಉಂಟಾಗುವ ಇಂಗಾಲದ ಡೈಆಕ್ಸೈಡ್ ಅಲ್ಲೇ ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವುದರಿಂದ ಹೊರಗೆ ಕಾಣುವುದಿಲ್ಲ, ಅಷ್ಟೆ. ಪಠ್ಯಪುಸ್ತಕ ಇದನ್ನು ಸರಿಯಾಗಿಯೇ ಹೇಳಿದೆ, ಕೆಡಿಸಿದ್ದು ನನ್ನ ಸಾರಾಂಶ. ಎರಡನೆಯ ಸಾಲು ಆ ಹುಡುಗಿಯ ಬಗ್ಗೆ. ಸರಿಯಾದ ಪ್ರಶ್ನೆಯನ್ನು ಕೂರಿಸಲಾಗಿದೆ ಎಂದಷ್ಟೇ ಅಲ್ಲಿತ್ತು.

ಗಿಡದ ಕೋಶವೂ ನಮ್ಮ ಕೋಶದ ಹಾಗೆಯೇ ಉಸಿರಾಡುತ್ತದೆ ಎಂಬುದನ್ನು ಯಾರು, ಹೇಗೆ ಕಂಡುಕೊಂಡರು ಎಂದು ಹುಡುಕುತ್ತಾ ಹೋದಾಗ ನನಗೆ ಕಮಲಾ ಸೊಹೋನಿ ಅವರು ಸಿಕ್ಕರು. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಸೈಟೊಕ್ರೋಮ್ ಎಂಬ ಪದವನ್ನು ಉರು ಹೊಡೆದಿದ್ದೆ. ಅದರ ಹಿಂದೆ ಬೆಂಗಳೂರಿನಲ್ಲಿ ಓದಿದ ಒಬ್ಬ ಹೆಣ್ಣುಮಗಳ ದುಡಿಮೆಯೂ ಇದೆ ಎಂಬುದು ಗೊತ್ತಿರಲಿಲ್ಲ. ಅವರ ಬದುಕನ್ನು ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಕೋಡಿ ಬಿದ್ದ ವರ್ಷ

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರ್‌ನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ಅವರ ಸಹೋದರ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರ ಓದಿದವರು, ಅದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನಮ್ಮ ಕಡೆಯ ಹಿರಿಯರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಮೈಸೂರು ಸಂಸ್ಥಾನ ಕೊಟ್ಟ ಸುಮಾರು 370 ಎಕರೆ ನೆಲದಲ್ಲಿ 1909ರಲ್ಲಿ ಅದು ಆರಂಭವಾಯಿತು. ಮುಂದೆ ಮರಾಠಿ ಸಾಹಿತ್ಯ ಮತ್ತು ಜಾನಪದದಲ್ಲಿ ದೊಡ್ಡ ಹೆಸರಾದ ದುರ್ಗಾ ಭಾಗವತ್ ಕಮಲಾ ಅವರ ಅಕ್ಕ. ಹೆಣ್ಣುಮಕ್ಕಳು ಓದುವುದು ಆ ಮನೆಯಲ್ಲಿ ವಿಶೇಷದ ಸಂಗತಿ ಆಗಿರಲಿಲ್ಲ.

ಮುಂಬೈ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ, ಭೌತಶಾಸ್ತ್ರವನ್ನು ಉಪವಿಷಯವಾಗಿ ಓದಿ ಕಮಲಾ 1933ರಲ್ಲಿ ಬಿ.ಎಸ್ಸಿ. ಮುಗಿಸಿದರು. ತಂದೆ, ಚಿಕ್ಕಪ್ಪ ಓದಿದ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂದು ಅರ್ಜಿ ಹಾಕಿದರು.

ನನ್ನ ತರಗತಿಯ ಮಕ್ಕಳಿಗೆ ಇಸವಿಗಳು ನೆನಪಿರುವುದಿಲ್ಲ. ಆದರೆ ಹಿರಿಯೂರು ತಾಲ್ಲೂಕಿನ ಮಕ್ಕಳಿಗೆ 1933 ಸುಲಭ. ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, ಕೋಡಿ ಬಿದ್ದ ವರ್ಷ ಅದು. ಮತ್ತೆ ಕೋಡಿ ಬೀಳಲು 89 ವರ್ಷ ಕಾಯಬೇಕಾಯಿತು, 2022ರ ವರೆಗೆ. ಆ ನೀರು ನೋಡಲು ಮನೆಮಂದಿಯೊಂದಿಗೆ ಹೋಗಿ ಬಂದ ಮಕ್ಕಳು ತರಗತಿಯಲ್ಲಿದ್ದರು. ಕಣಿವೆ ಹಿಂದೆ ತುಂಬಿದ ವರ್ಷವೇ ಒಬ್ಬ ಹುಡುಗಿ ಬೆಂಗಳೂರಿಗೆ ಅರ್ಜಿ ಹಾಕಿದಳು ಎಂದಾಗ ಬೋರ್ಡಿನ ಮೇಲೆ ಇಸವಿ ಬರೆಯುವ ಅಗತ್ಯವೇ ಬೀಳಲಿಲ್ಲ.

ಅರ್ಜಿ ತಿರಸ್ಕೃತವಾಯಿತು. ಆಗ ಸಂಸ್ಥೆಯ ನಿರ್ದೇಶಕರಾಗಿ ಬಂದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪಡೆದವರು, ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು. ಅಂಕ ಕಡಿಮೆ ಎಂದಾಗಲಿ, ಜಾಗ ಇಲ್ಲ ಎಂದಾಗಲಿ ಕಮಲಾ ಅವರನ್ನು ಬೇಡವೆನ್ನಲಿಲ್ಲ. ಹೆಣ್ಣು ಎಂಬುದೇ ಕಾರಣವಾಗಿತ್ತು.

ಷರತ್ತಿನ ಮೇಲೆ ಒಂದು ವರ್ಷ

ತಂದೆ, ಚಿಕ್ಕಪ್ಪ ಹೇಳಿ ನೋಡಿದರು, ಫಲ ಸಿಗಲಿಲ್ಲ. ಕಮಲಾ ತಾವೇ ಬೆಂಗಳೂರಿಗೆ ಬಂದರು. ಗಾಂಧೀಜಿಯವರ ಸತ್ಯಾಗ್ರಹವನ್ನು ನೋಡುತ್ತಾ ಬೆಳೆದ ತಲೆಮಾರು ಅದು. ಪ್ರವೇಶ ನಿರಾಕರಣೆಗೆ ಕಾರಣ ಕೇಳುತ್ತಾ ನಿರ್ದೇಶಕರ ಕಚೇರಿಯಲ್ಲೇ ಪಟ್ಟು ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತಿನ ಮೇಲೆ. ಮೊದಲ ವರ್ಷ ಆಕೆ ಪೂರ್ಣ ಪ್ರಮಾಣದ ವಿದ್ಯಾರ್ಥಿನಿ ಅಲ್ಲ, ಪರೀಕ್ಷಾರ್ಥವಾಗಿ ಮಾತ್ರ ಇರಬಹುದು. ನಿರ್ದೇಶಕರಿಗೆ ತೃಪ್ತಿಯಾಗುವ ತನಕ ಆಕೆಯ ಕೆಲಸಕ್ಕೆ ಅಧಿಕೃತ ಮಾನ್ಯತೆ ಇಲ್ಲ. ಪ್ರಯೋಗಾಲಯದ ಗಂಡುಮಕ್ಕಳ ಗಮನ ಕೆಡದಂತೆ ನಡೆದುಕೊಳ್ಳಬೇಕು.

ಕಮಲಾ ಒಪ್ಪಿಕೊಂಡರು. ಈ ಭಾಗ ಓದುವಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಬಿ.ಎಸ್ಸಿ. ಮುಗಿದ ಮೇಲೆ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆ ನನಗಿತ್ತು. ಒಬ್ಬಳನ್ನೇ ಬೆಂಗಳೂರಿಗೆ ಕಳುಹಿಸುವುದು ಹೇಗೆ ಎಂಬ ಮಾತು ಮನೆಯಲ್ಲಿ ಎರಡು ವರ್ಷ ನಡೆಯಿತು. ಕೊನೆಗೆ ಬಿ.ಇಡಿ. ಆದರೆ ಸರಿ, ಹತ್ತಿರದಲ್ಲೇ ಇದೆ, ಸಂಜೆಗೆ ಮನೆಗೆ ಬರಬಹುದು ಎಂದಾಯಿತು. ನಾನೂ ಒಪ್ಪಿಕೊಂಡೆ. ಷರತ್ತಿಗೆ ಒಪ್ಪುವವರೆಲ್ಲ ಸೋತವರಲ್ಲ ಎಂದು ನನಗೆ ಕಮಲಾ ಅವರ ಕತೆ ಓದಿದ ಮೇಲೆ ಅನ್ನಿಸಿತು. ಒಪ್ಪಿದ ನಂತರ ಅವರೇನು ಮಾಡಿದರು ಎಂಬುದನ್ನೂ ನೋಡಬೇಕು.

ಸಂಸ್ಥೆಯಲ್ಲಿ ಅವರಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಶ್ರೀನಿವಾಸಯ್ಯ. ಶಿಸ್ತಿನ ಗುರು, ಕಲಿಯುವವರಿಂದ ಬಹಳ ಅಪೇಕ್ಷಿಸುವವರು. ಅವರ ಬಳಿ ಕಮಲಾ ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನ್‌ಗಳ ಬಗ್ಗೆ ಕೆಲಸ ಮಾಡಿದರು. ಬಡವರ ತಟ್ಟೆಯಲ್ಲಿ ಪ್ರೋಟೀನ್ ಬರುವುದು ಬೇಳೆಕಾಳುಗಳಿಂದಲೇ ಆದ್ದರಿಂದ ಅದು ಪೋಷಣೆಯ ಪ್ರಶ್ನೆಯೂ ಆಗಿತ್ತು. ಒಂದು ವರ್ಷದ ನಂತರ ರಾಮನ್ ಅವರಿಗೆ ತೃಪ್ತಿಯಾಯಿತು. ಕಮಲಾ ಪೂರ್ಣ ವಿದ್ಯಾರ್ಥಿನಿಯಾದರು. 1936ರಲ್ಲಿ ಅದೇ ಕೆಲಸಕ್ಕೆ ಮುಂಬೈ ವಿಶ್ವವಿದ್ಯಾಲಯದ ಎಂ.ಎಸ್ಸಿ. ಪದವಿ ಉನ್ನತ ಶ್ರೇಣಿಯಲ್ಲಿ ಬಂತು. ಅವರ ನಂತರ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. ಮುಂದೆ ಭಾರತದ ಹವಾಮಾನ ಉಪಕರಣಗಳನ್ನು ರೂಪಿಸಿದ ಅನ್ನಾ ಮಣಿ 1940ರಲ್ಲಿ ಬಂದು ಸೇರಿದ್ದು ರಾಮನ್ ಅವರ ಪ್ರಯೋಗಾಲಯಕ್ಕೇ.

ರಾಮನ್ ದೊಡ್ಡ ವಿಜ್ಞಾನಿ. ಮಕ್ಕಳು ಪ್ರತಿ ವರ್ಷ ಫೆಬ್ರವರಿ 28ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಬೇಕೆ ಬೇಡವೆ ಎಂದು ನಾನು ಯೋಚಿಸಿದೆ. ಹೇಳಿದೆ, ಏಕೆಂದರೆ ಅದು ನಡೆದದ್ದು. ದಶಕಗಳು ಕಳೆದ ಮೇಲೂ ಕಮಲಾ ಅದನ್ನು ಮರೆತಿರಲಿಲ್ಲ. ತಮ್ಮನ್ನು ನಡೆಸಿಕೊಂಡ ರೀತಿ ಅವಮಾನಕರವಾಗಿತ್ತು ಎಂದು ಮುಪ್ಪಿನಲ್ಲೂ ಮಹಿಳಾ ವಿಜ್ಞಾನಿಗಳ ಸಭೆಯೊಂದರಲ್ಲಿ ಹೇಳಿಕೊಂಡರು. ಒಬ್ಬ ಮನುಷ್ಯ ಬೆಳಕಿನ ಚದುರುವಿಕೆಯಲ್ಲಿ ಸರಿಯಾಗಿದ್ದು ಬೇರೆ ವಿಷಯದಲ್ಲಿ ತಪ್ಪಾಗಿರಬಹುದು, ಪುರಾವೆ ನೋಡಿ ತನ್ನ ತೀರ್ಮಾನ ಬದಲಿಸಿಕೊಳ್ಳಲೂಬಹುದು. ಇದು ವಿಜ್ಞಾನದ ಪಾಠವೇ ಎಂದು ನನಗನ್ನಿಸುತ್ತದೆ.

ಒಂದೇ ಮೇಜು, ಹಗಲು ಒಬ್ಬರು ರಾತ್ರಿ ಒಬ್ಬರು

1937ರಲ್ಲಿ ಕಮಲಾ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಫ್ರೆಡರಿಕ್ ಹಾಪ್ಕಿನ್ಸ್. ವಿಟಮಿನ್‌ಗಳ ಕುರಿತ ಕೆಲಸಕ್ಕಾಗಿ 1929ರಲ್ಲಿ ನೊಬೆಲ್ ಪಡೆದವರು. ಪ್ರಯೋಗಾಲಯದಲ್ಲಿ ಖಾಲಿ ಮೇಜು ಇರಲಿಲ್ಲ. ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಾನು ರಾತ್ರಿ ಕೆಲಸ ಮಾಡುತ್ತೇನೆ, ಹಗಲಲ್ಲಿ ನೀವು ನನ್ನ ಮೇಜು ಬಳಸಿಕೊಳ್ಳಿ ಎಂದು ಜಾಗ ಮಾಡಿಕೊಟ್ಟರು. ಬೆಂಗಳೂರಿನ ಬಾಗಿಲಿನ ಕತೆ ಕೇಳಿದ್ದ ಮಕ್ಕಳಿಗೆ ಈ ಮೇಜಿನ ಕತೆ ಬಹಳ ಹಿಡಿಸಿತು. ಆಮೇಲೆ ಕಮಲಾ ರಾಬಿನ್ ಹಿಲ್ ಅವರೊಂದಿಗೆ ಕೆಲಸಕ್ಕೆ ಸೇರಿದರು. ಹಸಿರು ಎಲೆ ಬೆಳಕಿನಲ್ಲಿ ಆಮ್ಲಜನಕ ಬಿಡುವ ಬಗೆಯನ್ನು ಬಿಡಿಸಿದವರು ಇದೇ ಹಿಲ್. ಆಗ ಕಮಲಾ ಅವರ ಮೇಜಿನ ಮೇಲೆ ಬಂದದ್ದು ಆಲೂಗಡ್ಡೆ.

ಇಲ್ಲಿ ಸ್ವಲ್ಪ ನಿಂತು, ಆ ಕಾಲಕ್ಕೆ ಕೋಶದ ಉಸಿರಾಟದ ಬಗ್ಗೆ ಏನು ಗೊತ್ತಿತ್ತು ಎಂದು ನೋಡಬೇಕು. ಗ್ಲೂಕೋಸ್ ಒಂದೇ ಏಟಿಗೆ ಉರಿದುಹೋಗುವುದಿಲ್ಲ ಎಂಬುದು ತಿಳಿದಿತ್ತು. ಒಲೆಯಲ್ಲಿ ಸಕ್ಕರೆ ಸುಟ್ಟರೆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಕೋಶದಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹೀಗೆ ಸಿಕ್ಕ ಶಕ್ತಿಯನ್ನು ಕೂಡಿಡುವ ಎಟಿಪಿ ಎಂಬ ಅಣುವನ್ನು 1929ರಲ್ಲಿ ಜರ್ಮನಿಯ ಲೋಮನ್ ಮತ್ತು ಅಮೆರಿಕದಲ್ಲಿ ಫಿಸ್ಕೆ ಅವರೊಂದಿಗೆ ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಬೇರೆಬೇರೆಯಾಗಿ ಗುರುತಿಸಿದ್ದರು. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಆಮ್ಲಗಳ ಚಕ್ರವನ್ನು ವಿವರಿಸಿದರು. ಉಳಿದದ್ದು ಕೊನೆಯ ಮೆಟ್ಟಿಲುಗಳು. ಆಹಾರದಿಂದ ಕಿತ್ತ ಎಲೆಕ್ಟ್ರಾನ್‌ಗಳು ಆಮ್ಲಜನಕದ ತನಕ ಹೇಗೆ ತಲುಪುತ್ತವೆ?

ಅದಕ್ಕೆ ಉತ್ತರ ಕೇಂಬ್ರಿಡ್ಜ್‌ನಲ್ಲೇ ಇತ್ತು. 1925ರಲ್ಲಿ ಡೇವಿಡ್ ಕೀಲಿನ್ ರೋಹಿತದರ್ಶಕದ ಕೆಳಗೆ ಕೀಟಗಳ ಸ್ನಾಯು ಮತ್ತು ಯೀಸ್ಟ್ ಇಟ್ಟು ನೋಡುವಾಗ ಕಪ್ಪು ಪಟ್ಟೆಗಳು ಕಂಡವು. ಯೀಸ್ಟ್ ದ್ರವವನ್ನು ಗಾಳಿಯೊಂದಿಗೆ ಕುಲುಕಿದರೆ ಪಟ್ಟೆಗಳು ಮಾಯವಾಗುತ್ತಿದ್ದವು, ಹಾಗೇ ಬಿಟ್ಟರೆ ಮತ್ತೆ ಬರುತ್ತಿದ್ದವು. ಕಬ್ಬಿಣವನ್ನು ಹೊತ್ತ ಒಂದು ವರ್ಣಕ ಎಲೆಕ್ಟ್ರಾನನ್ನು ಪಡೆದು ಫೆರಸ್ ಆಗುತ್ತದೆ, ಮುಂದಕ್ಕೆ ಕೊಟ್ಟು ಫೆರಿಕ್ ಆಗುತ್ತದೆ. ಅದಕ್ಕೆ ಕೀಲಿನ್ ಇಟ್ಟ ಹೆಸರು ಸೈಟೊಕ್ರೋಮ್, ಅಂದರೆ ಕೋಶದ ಬಣ್ಣ. ಅದರಲ್ಲಿ ಎ, ಬಿ, ಸಿ ಎಂದು ಬಗೆಗಳಿದ್ದವು. ಈ ಸಾಲಿನ ಕೊನೆಯಲ್ಲಿ ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ ಎಲೆಕ್ಟ್ರಾನ್‌ಗಳನ್ನು ಆಮ್ಲಜನಕಕ್ಕೆ ದಾಟಿಸುತ್ತದೆ, ಅಲ್ಲಿ ನೀರು ಹುಟ್ಟುತ್ತದೆ.

ಮಕ್ಕಳಿಗೆ ನಾನು ಮತ್ತೆ ಮಾರಿಕಣಿವೆಗೇ ಹೋದೆ. ಕಣಿವೆಯ ನೀರನ್ನು ಒಮ್ಮೆಲೇ ಬಿಟ್ಟರೆ ತೋಟ ಕೊಚ್ಚಿಹೋಗುತ್ತದೆ. ನಾಲೆಯಲ್ಲಿ ಹಂತಹಂತವಾಗಿ ಇಳಿಸಿದರೆ ತೋಟಕ್ಕೆ ಉಪಯೋಗ. ಎಲೆಕ್ಟ್ರಾನ್ ಇಳಿಯುವ ನಾಲೆಯ ಹಂತಗಳಲ್ಲಿ ಸೈಟೊಕ್ರೋಮ್‌ಗಳು ಇವೆ. ಒಂದು ಗ್ಲೂಕೋಸ್ ಅಣು ಪೈರುವೇಟ್ ಆಗುವಷ್ಟರಲ್ಲಿ ಸಿಗುವುದು 2 ಎಟಿಪಿ ಮಾತ್ರ. ಕೊನೆಯ ಹಂತಗಳೂ ಸೇರಿದರೆ ಒಟ್ಟು ಸುಮಾರು 30. ಹಳೆಯ ಪುಸ್ತಕಗಳಲ್ಲಿ 36, 38 ಎಂದಿರುವುದನ್ನು ಸಹಪ್ರಶಿಕ್ಷಣಾರ್ಥಿಗಳು ಗಮನಿಸಿರಬಹುದು. ಆಮ್ಲಜನಕವಿಲ್ಲದೆ ನಾವು ಕೆಲ ನಿಮಿಷ ಕೂಡ ಬದುಕಲಾರದ ಕಾರಣ ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸದಲ್ಲೇ ಇದೆ.

ಇದು ಪ್ರಾಣಿಗಳ ಸಂಗತಿಯಾಯಿತು. ಗಿಡದಲ್ಲಿ? ಗಿಡಗಳಲ್ಲೂ ಸೈಟೊಕ್ರೋಮ್‌ನ ಸುಳಿವನ್ನು ಕೀಲಿನ್ ಅವರೇ ಕಂಡಿದ್ದರು. ಆದರೆ ಅಲ್ಲಿ ಅದು ನಿಜವಾಗಿ ಉಸಿರಾಟದ ಕೆಲಸ ಮಾಡುತ್ತದೆಯೇ ಎಂಬುದು ಇತ್ಯರ್ಥವಾಗಿರಲಿಲ್ಲ. ಆಲೂಗಡ್ಡೆ ಹೆಚ್ಚಿಟ್ಟರೆ ಕಂದು ಬಣ್ಣಕ್ಕೆ ತಿರುಗುವುದು ಎಲ್ಲರೂ ಕಂಡದ್ದೇ. ಅದು ಗಾಳಿಯ ಆಮ್ಲಜನಕವನ್ನು ಬಳಸುವ ಇನ್ನೊಂದು ಕಿಣ್ವದ, ಫೀನಾಲ್ ಆಕ್ಸಿಡೇಸ್‌ನ ಕೆಲಸ. ಗಿಡದ ಉಸಿರಾಟದ ಕೊನೆಯ ಮೆಟ್ಟಿಲು ಇದೇ ಇರಬಹುದು, ಗಿಡದ ದಾರಿ ಪ್ರಾಣಿಗಳದಕ್ಕಿಂತ ಬೇರೆ ಇರಬಹುದು ಎಂದು ಕೆಲವರು ಭಾವಿಸಿದ್ದರು. ಕಮಲಾ ರಿಕ್ಟರ್ ಅವರೊಂದಿಗೆ ಫೀನಾಲ್‌ಗಳ ಮೇಲೆ ವರ್ತಿಸುವ ಕಿಣ್ವಗಳ ಬಗ್ಗೆ ಕೆಲಸ ಮಾಡಿದ್ದರು. ಆಲೂಗಡ್ಡೆಯ ಅಂಗಾಂಶದಲ್ಲಿ ಸೈಟೊಕ್ರೋಮ್ ಸಿ ಇರುವುದನ್ನು ಅವರು ಗುರುತಿಸಿದರು. ಹೂಬಿಡುವ ಸಸ್ಯಗಳಲ್ಲಿ ಸೈಟೊಕ್ರೋಮ್ ಆಕ್ಸಿಡೇಸ್ ಇದೆ ಎಂಬುದನ್ನು ಹಿಲ್ ಮತ್ತು ಕಮಲಾ 1939ರಲ್ಲಿ ನೇಚರ್ ಪತ್ರಿಕೆಯ ಒಂದು ಚಿಕ್ಕ ಬರಹದಲ್ಲಿ ತಿಳಿಸಿದರು. ಕೋಶದ ಮಟ್ಟದಲ್ಲಿ ಗಿಡದ ಉಸಿರಾಟ ಬೇರೆ ಜಾತಿಯದಲ್ಲ. ಅದೇ ಕಬ್ಬಿಣ, ಅದೇ ಸಾಲು, ಕೊನೆಗೆ ಅದೇ ಆಮ್ಲಜನಕ.

ಜನಪ್ರಿಯ ಬರಹಗಳು ಅನೇಕ ಸಲ ಕಮಲಾ ಅವರು ಸಸ್ಯಗಳಲ್ಲಿ ಸೈಟೊಕ್ರೋಮ್ ಸಿ ಕಂಡುಹಿಡಿದರು ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ಕೀಲಿನ್ ಕಂಡ ಸುಳಿವಿನಿಂದ ಹಿಲ್ ಮತ್ತು ಕಮಲಾ ಅವರ ಪುರಾವೆಯ ತನಕ ನಡೆದ ದಾರಿಯನ್ನು ಹೇಳಿದರೆ ಮಕ್ಕಳಿಗೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅನುಭವ. ಆಲೂಗಡ್ಡೆ ಕಂದಾಗುವುದನ್ನೇ ಅದರ ಉಸಿರಾಟ ಎಂದು ಮಕ್ಕಳು ತಿಳಿದುಕೊಳ್ಳದಂತೆಯೂ ಎಚ್ಚರ ಬೇಕು. ನನ್ನ ತರಗತಿಯಲ್ಲಿ ಮೂವರು ಹಾಗೆಯೇ ಬರೆದಿದ್ದರು.

ಕಮಲಾ ಅವರ ಪ್ರಬಂಧ ಸುಮಾರು 40 ಪುಟದ್ದು. 1939ರಲ್ಲಿ ಪಿಎಚ್.ಡಿ. ಬಂತು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರ ಸಾಲಿಗೆ ಅವರು ಸೇರಿದರು. ಅದೇ ವರ್ಷ ಊರಿಗೆ ಮರಳಿದರು.

ಅವರೆಕಾಳು ಮತ್ತು ನೀರಾ

ಮರಳಿ ಬಂದ ಕಮಲಾ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ನಂತರ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿ. 1947ರಲ್ಲಿ ಎಂ.ವಿ. ಸೊಹೋನಿ ಅವರನ್ನು ಮದುವೆಯಾಗಿ ಮುಂಬೈಗೆ ಹೋದರು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಆ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ಸಿಕ್ಕಿತಾದರೂ ಸಿಗಬೇಕಾದ ಸಮಯಕ್ಕಿಂತ ನಾಲ್ಕು ವರ್ಷ ತಡವಾಗಿ. ಬೆಂಗಳೂರಿನಲ್ಲಿ ಕಂಡ ಅಡ್ಡಿ ಬೇರೆ ರೂಪದಲ್ಲಿ ಮುಂದೆಯೂ ಇತ್ತು.

ಮುಂಬೈಯಲ್ಲಿ ಅವರು ಮತ್ತೆ ಕಾಳುಗಳಿಗೆ ಬಂದರು. ನಮ್ಮ ಜಿಲ್ಲೆಯ ಹೊಲಗಳಲ್ಲಿ ರಾಗಿಯ ಜೊತೆ ಅಕ್ಕಡಿಯಾಗಿ ಬೆಳೆಯುವ ಅವರೆಯಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಒಂದು ಪ್ರೋಟೀನ್ ಇದೆ. 1950ರ ದಶಕದಲ್ಲಿ ಸೊಹೋನಿ ಮತ್ತು ಅವರ ವಿದ್ಯಾರ್ಥಿಗಳು ಇಂಥ ತಡೆಗಳನ್ನು ಅಧ್ಯಯನ ಮಾಡಿದರು, ಅವರೆಯಿಂದ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಹಸಿ ಕಾಳು ತಿಂದರೆ ಅದರ ಪ್ರೋಟೀನ್ ಪೂರ್ತಿ ಜೀರ್ಣವಾಗುವುದಿಲ್ಲ, ಚೆನ್ನಾಗಿ ಬೇಯಿಸಿದರೆ ಈ ತಡೆ ಬಹುಮಟ್ಟಿಗೆ ಹೋಗುತ್ತದೆ. ಅವರೆಕಾಳನ್ನು ಚೆನ್ನಾಗಿ ಬೇಯಿಸಬೇಕು ಎನ್ನುವ ಅಜ್ಜಿಯರ ಮಾತಿಗೆ ಇಲ್ಲೊಂದು ಕಾರಣ ಸಿಗುತ್ತದೆ. ಆಹಾರ ಕೋಶದ ತನಕ ತಲುಪಬೇಕಾದರೆ ಮೊದಲು ಹೊಟ್ಟೆಯಲ್ಲಿ ಒಡೆಯಬೇಕು. ನನ್ನ ಘಟಕದಲ್ಲಿ ಜೀರ್ಣಕ್ರಿಯೆ ಮತ್ತು ಉಸಿರಾಟ ಎರಡು ಬೇರೆ ಪಾಠಗಳಾಗಿದ್ದವು. ಸೊಹೋನಿ ಅವರ ಕೆಲಸ ಅವೆರಡನ್ನೂ ಸೇರಿಸಲು ನನಗೆ ದಾರಿ ಕೊಟ್ಟಿತು.

ನೀರಾ ಕುರಿತ ಅವರ ಸಂಶೋಧನೆ ಹೆಚ್ಚು ಪ್ರಸಿದ್ಧ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಕಮಲಾ ತಾಳೆ ಜಾತಿಯ ಮರಗಳಿಂದ ಇಳಿಸುವ ನೀರಾವನ್ನು ಪರೀಕ್ಷೆಗೆ ತೆಗೆದುಕೊಂಡರು. ಅದರಲ್ಲಿ ವಿಟಮಿನ್‌ಗಳೂ ಕಬ್ಬಿಣವೂ ಇರುವುದು ಕಂಡುಬಂತು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಬುಡಕಟ್ಟು ಸಮುದಾಯಗಳ ಹದಿಹರೆಯದವರಿಗೆ ಮತ್ತು ಗರ್ಭಿಣಿಯರಿಗೆ ನೀರಾ ಕೊಟ್ಟಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ತೆಂಗು, ಈಚಲು ನೋಡಿ ಬೆಳೆದ ನಮ್ಮ ಮಕ್ಕಳಿಗೆ ನೀರಾ ಹೊಸದಲ್ಲ. ಬೆಳಗಿನ ಜಾವ ಸಿಹಿಯಾಗಿರುವ ನೀರಾ ಬಿಸಿಲೇರಿದಂತೆ ಏಕೆ ಹುಳಿಯಾಗಿ ಹೆಂಡವಾಗುತ್ತದೆ ಎಂದು ಕೇಳಿದೆ. ಇಡೀ ತರಗತಿ ಚಾರ್ಟಿನ ಎಡಗಡೆಯ ಕವಲನ್ನು ತೋರಿಸಿತು. ಯೀಸ್ಟ್, ಪೈರುವೇಟ್, ಮದ್ಯಸಾರ, ಇಂಗಾಲದ ಡೈಆಕ್ಸೈಡ್. ಮೊದಲ ದಿನ ಮೂರು ಬಣ್ಣದಲ್ಲಿ ಬರೆದು ಮೂಡಿಸಲಾಗದ್ದು ಆ ಒಂದು ಪ್ರಶ್ನೆಯಲ್ಲಿ ಮೂಡಿತು.

ಮುಂಬೈ ಬಳಿಯ ಆರೇ ಹಾಲಿನ ಯೋಜನೆಗೂ ಕಮಲಾ ಸಲಹೆ ನೀಡಿದರು. ನಿವೃತ್ತಿಯ ನಂತರ ಗ್ರಾಹಕರ ಪರವಾದ ಕೆಲಸದಲ್ಲಿ ತೊಡಗಿ, ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘಕ್ಕೆ 1982-83ರಲ್ಲಿ ಅಧ್ಯಕ್ಷೆಯಾಗಿದ್ದರು. ಬಹಳ ಕಾಲ ಹೊರಗಿನ ಜನಕ್ಕೆ ಅವರ ಹೆಸರು ಅಷ್ಟಾಗಿ ಗೊತ್ತಿರಲಿಲ್ಲ. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಅವರನ್ನು ಸನ್ಮಾನಿಸಲು ಸಮಾರಂಭ ಏರ್ಪಡಿಸಿತು. ಆ ಸಮಾರಂಭದಲ್ಲೇ ಕುಸಿದ ಅವರು ಸ್ವಲ್ಪ ಸಮಯದಲ್ಲೇ ತೀರಿಕೊಂಡರು. ಬೆಂಗಳೂರಿಗೆ ಅರ್ಜಿ ಹಾಕಿ ಆಗ 65 ವರ್ಷ ಕಳೆದಿತ್ತು.

ಎರಡು ಬಾಟಲಿಗಳು

ಈ ಬದುಕನ್ನು ನಾನು ಒಂದೇ ದಿನ ಹೇಳಲಿಲ್ಲ. ಮೂರು ಪಾಠಗಳ ನಡುವೆ ಹಂಚಿ, ಪ್ರತಿ ಭಾಗವನ್ನೂ ಆ ದಿನದ ಪರಿಕಲ್ಪನೆಗೆ ಹೊಂದಿಸಿದೆ. ಎಲ್ಲಕ್ಕಿಂತ ಮೊದಲು, ಅಂದು ನಾನು ಹೇಳಿದ್ದು ತಪ್ಪು ಎಂದೂ ಬೇರಿನ ಪ್ರಶ್ನೆ ಸರಿಯಾಗಿತ್ತು ಎಂದೂ ತರಗತಿಗೆ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಯಿತು. ಮಕ್ಕಳು ಅದನ್ನು ದೊಡ್ಡದು ಮಾಡಲಿಲ್ಲ. ಬೇರು ಮಣ್ಣಿನ ಸಂದುಗಳಲ್ಲಿರುವ ಗಾಳಿಯಿಂದ ಆಮ್ಲಜನಕ ಪಡೆಯುತ್ತದೆ ಎಂದಾಗ, ನೀರು ನಿಂತ ಹೊಲದಲ್ಲಿ ಶೇಂಗಾ ಗಿಡ ಹಳದಿಯಾಗುವುದು ಅದಕ್ಕೇನಾ ಎಂದು ಒಬ್ಬ ಹುಡುಗ ಕೇಳಿದ. ಅದೂ ಒಂದು ಕಾರಣ ಎಂದೆ.

ಪ್ರಯೋಗಕ್ಕೆ ಮೊಳಕೆ ಬಂದ ಹುರುಳಿಕಾಳು ತಂದಿದ್ದೆ. ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಹಾಕಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಸುಣ್ಣದ ತಿಳಿನೀರು ಸಿದ್ಧ. ಅಗಲ ಬಾಯಿಯ ಬಾಟಲಿಯಲ್ಲಿ ಮೊಳಕೆಕಾಳು, ಅದರೊಳಗೆ ಚಿಕ್ಕ ಬಟ್ಟಲಲ್ಲಿ ತಿಳಿನೀರು, ಮೇಲೆ ಬಿಗಿಯಾದ ಮುಚ್ಚಳ. ನಾನು ತಂದದ್ದು ಒಂದೇ ಬಾಟಲಿ. ಆಗ ಹಿಂದಿನ ಸಾಲಿನ ಅದೇ ಹುಡುಗಿ, ಐದನೆಯ ದಿನ, ಕೈ ಎತ್ತಿದಳು. ಬಾಟಲಿಯೊಳಗಿನ ಗಾಳಿಯೇ ನೀರನ್ನು ಬೆಳ್ಳಗೆ ಮಾಡಿದರೆ ನಮಗೆ ಹೇಗೆ ಗೊತ್ತಾಗುತ್ತದೆ, ಕಾಳು ಬೇಯಿಸಿ ಇನ್ನೊಂದು ಬಾಟಲಿ ಇಡೋಣವೇ ಎಂದು ಕೇಳಿದಳು. ನಿಯಂತ್ರಿತ ಪ್ರಯೋಗ ಎಂಬ ಮಾತು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಬಿಸಿಯೂಟದ ಅಡುಗೆಮನೆಯಲ್ಲಿ ಕಾಳು ಬೇಯಿಸಿಕೊಂಡು ಬಂದು ಎರಡನೆಯ ಬಾಟಲಿ ಇಟ್ಟವಳು ಅವಳೇ.

ಮರುದಿನ ಶನಿವಾರ. ಮೊಳಕೆಕಾಳಿನ ಬಾಟಲಿಯ ನೀರು ಹಾಲಿನಂತಾಗಿತ್ತು, ಬೇಯಿಸಿದ ಕಾಳಿನದು ತಿಳಿಯಾಗಿಯೇ ಇತ್ತು. ಎಲ್ಲರೂ ಬರೆದುಕೊಂಡರು. ಬಾಟಲಿಗಳನ್ನು ತೆಗೆದಿಡಲು ನಾನು ಮರೆತೆ. ಸೋಮವಾರ ನೋಡಿದರೆ ಎರಡೂ ಬೆಳ್ಳಗಾಗಿದ್ದವು. ಪ್ರಯೋಗ ಕೆಟ್ಟುಹೋಯಿತು ಎಂದು ಹುಡುಗರು ನಕ್ಕರು. ಅವಳು ಬೇಯಿಸಿದ ಕಾಳಿನ ಬಾಟಲಿಯ ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸಿದಳು. ಕಾಳು ಹಳಸಿತ್ತು. ಒಳಗೆ ಬೇರೆ ಯಾರೋ ಉಸಿರಾಡುತ್ತಿದ್ದಾರೆ ಎಂದಳು. ಸೂಕ್ಷ್ಮಜೀವಿಗಳು ಎಂಬ ಪದವನ್ನು ನಾನು ಸೇರಿಸಿದೆ, ಉಳಿದದ್ದನ್ನು ಅವಳೇ ಹೇಳಿಯಾಗಿತ್ತು.

ಇಂಟರ್ನ್‌ಶಿಪ್‌ನ ಕೊನೆಯ ದಿನ ಹಿರಿಯೂರಿನ ಬಸ್ಸಿಗೆ ಕಾಯುವಾಗ ಅವಳು ಬಂದು ಪಕ್ಕದಲ್ಲಿ ನಿಂತಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಮನೆಯಲ್ಲಿ ಓದು ಸಾಕು ಎನ್ನುತ್ತಿದ್ದಾರಂತೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಆಲೂಗಡ್ಡೆಯ ಕೆಲಸದಂಥದ್ದನ್ನು ಮಾಡಲು ಎಷ್ಟು ವರ್ಷ ಬೇಕು ಎಂದು ಕೇಳಿದಳು. ಬೆರಳೆಣಿಸಿ ಲೆಕ್ಕ ಹೇಳಿದೆ. ಪಿಯುಸಿ ಎರಡು, ಪದವಿ ಮೂರು, ಎಂ.ಎಸ್ಸಿ. ಎರಡು, ಆಮೇಲೆ ಸಂಶೋಧನೆ. ಅವಳು ಅಷ್ಟಾ ಎನ್ನಲಿಲ್ಲ, ಸುಮ್ಮನೆ ಕೇಳಿಸಿಕೊಂಡಳು. ಮುಖ್ಯ ಶಿಕ್ಷಕರಿಗೆ ಈ ವಿಷಯ ತಿಳಿಸಿ ಬಂದಿದ್ದೇನೆ, ಅವಳ ಮನೆಯವರೊಂದಿಗೆ ಮಾತನಾಡುವುದಾಗಿ ಅವರು ಹೇಳಿದ್ದಾರೆ. ನನ್ನ ಎಂ.ಎಸ್ಸಿ. ಮಾತನ್ನು ನಾನೂ ಮನೆಯಲ್ಲಿ ಮತ್ತೆ ಎತ್ತಿದ್ದೇನೆ. ಎರಡೂ ಕಡೆ ಇನ್ನೂ ತೀರ್ಮಾನವಾಗಿಲ್ಲ.

ಮುಂದಿನ ವರ್ಷ ಈ ಘಟಕ ತೆಗೆದುಕೊಳ್ಳುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟು: ಎರಡು ಬಾಟಲಿ ಇಡಿ, ಸೋಮವಾರದ ತನಕ ಬಿಡಿ. ಹಿಂದಿನ ಸಾಲಿನಿಂದ ಪ್ರಶ್ನೆ ಬಂದರೆ ಗಂಟೆ ಹೊಡೆದರೂ ಪರವಾಗಿಲ್ಲ, ಪೂರ್ತಿ ಕೇಳಿ.